ಆಯುಷ್ಯವನ್ನು ಕಸಿಯುತ್ತಿರುವುದು ರೋಗವೋ, ವಿಳಂಬವೋ?

2018ರ ಮಳೆಗಾಲದಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರು ತೀರಿಕೊಂಡರು. ವಯಸ್ಸು ಅರವತ್ತಮೂರು. ಪಟ್ಟಣದ ಪೇಟೆಯಲ್ಲಿ ಸಣ್ಣದೊಂದು ಅಂಗಡಿ, ಮಸೀದಿಯ ಮೊದಲ ಸಾಲಿನಲ್ಲಿ ಖಾಯಂ ಸ್ಥಾನ, ನೆರೆಹೊರೆಯವರ ಮದುವೆ-ಮರಣಗಳಲ್ಲಿ ಮುಂದೆ ನಿಂತು ಓಡಾಡುವ ಗುಣ. ಅಂತಹವರು ಒಂದೂವರೆ ವರ್ಷ ಕಾಲ ನಮ್ಮ ಕಣ್ಣೆದುರೇ ಕರಗುತ್ತಾ ಹೋದರು. ಬಿಟ್ಟು ಬಿಟ್ಟು ಬರುವ ಜ್ವರ, ನಿಲ್ಲದ ಭೇದಿ, ಬಾಯಿಯೊಳಗೆ ಬಿಳಿ ಹುಣ್ಣು, ದಿನೇ ದಿನೇ ಇಳಿಯುವ ತೂಕ. ಒಬ್ಬ ವೈದ್ಯರು ಸಕ್ಕರೆ ಕಾಯಿಲೆ ಎಂದರು. ಇನ್ನೊಬ್ಬರು ಕ್ಷಯಕ್ಕೆ ಔಷಧ ಕೊಟ್ಟರು. ಮತ್ತೊಬ್ಬರು ಕ್ಯಾನ್ಸರ್ ಇರಬಹುದೆಂದು ಸ್ಕ್ಯಾನಿಂಗ್ ಬರೆದರು. ಮನೆಯವರು 'ವಯಸ್ಸಾಯಿತಲ್ಲ' ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಕೊನೆಗೆ ನಗರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿದ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ತಿಳಿಯಿತು. ತಿಳಿದ ಮೂರನೆಯ ವಾರಕ್ಕೆ ಅವರು ಇಹಲೋಕ ತ್ಯಜಿಸಿದರು.

ಮಯ್ಯಿತ್ ಮನೆಗೆ ಬಂದಾಗ ಸುದ್ದಿ ಅದಕ್ಕಿಂತ ಮುಂಚೆಯೇ ಬಂದಿತ್ತು. ಸ್ನಾನ ಮಾಡಿಸಲು ಎಂದಿನ ಕೈಗಳು ಮುಂದೆ ಬರಲಿಲ್ಲ. ಅರ್ಧ ತಾಸಿನ ಪಿಸುಮಾತಿನ ಬಳಿಕ ಅವರ ಮಗ ಮತ್ತು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಆ ಕರ್ತವ್ಯವನ್ನು ನೆರವೇರಿಸಿದರು. ಹೊರಗೆ ಕುಳಿತವರಿಗೆ 'ಸಕ್ಕರೆ ಕಾಯಿಲೆ ಉಲ್ಬಣಿಸಿತು' ಎಂದು ಹೇಳಲಾಯಿತು. ಒಳಗಿನ ಕೋಣೆಯಲ್ಲಿ ಇದ್ದತ್‌ಗೆ ಕುಳಿತ ಅವರ ಪತ್ನಿಗೂ ಅದನ್ನೇ ಹೇಳಲಾಯಿತು.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ಆ ಹಿರಿಯರ ಆಯುಷ್ಯವನ್ನು ಕಸಿದದ್ದು ಏಡ್ಸ್ ಎಂಬ ರೋಗವೇ, ಅಥವಾ ಒಂದೂವರೆ ವರ್ಷದ ವಿಳಂಬವೇ? ಆಯುಷ್ಯವು ಅಲ್ಲಾಹನ ಕೈಯಲ್ಲಿದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ನಮ್ಮ ಕೈಯಲ್ಲಿದ್ದುದನ್ನು ನಾವು ಮಾಡಿದೆವೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ನಾವೇ.

ಏಡ್ಸ್ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಯುವಕರ ಚಿತ್ರ. ಇದಕ್ಕೆ ಕಾರಣವಿದೆ. 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಕಂಡುಬಂದ ಅಪರೂಪದ ನ್ಯುಮೋನಿಯಾದ ವರದಿಯಿಂದ ಈ ರೋಗದ ದಾಖಲಿತ ಇತಿಹಾಸವು ಆರಂಭವಾಗುತ್ತದೆ. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಡಾ. ಸೆಲ್ಲಪ್ಪನ್ ನಿರ್ಮಲಾ ಅವರು ಮೊದಲ ಪ್ರಕರಣಗಳನ್ನು ಪತ್ತೆ ಹಚ್ಚಿದಾಗಲೂ ಸೋಂಕಿತರು ಎಳೆಯ ವಯಸ್ಸಿನವರೇ ಆಗಿದ್ದರು. ಆಫ್ರಿಕಾ ಖಂಡದಲ್ಲಂತೂ ಅದು ದುಡಿಯುವ ತಲೆಮಾರನ್ನೇ ಕೊಚ್ಚಿಕೊಂಡು ಹೋಯಿತು. ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದ ಆರಂಭದಲ್ಲಿ ಅರವತ್ತು ದಾಟಿದ್ದ ಸರಾಸರಿ ಜೀವಿತಾವಧಿಯು 2005ರ ವೇಳೆಗೆ ಸುಮಾರು ಐವತ್ತನಾಲ್ಕಕ್ಕೆ ಕುಸಿಯಿತು. ಅಂದಿನ ಅಧ್ಯಕ್ಷ ಥಾಬೊ ಎಂಬೆಕಿಯವರು ರೋಗಕ್ಕೆ ಈ ವೈರಸ್ಸೇ ಕಾರಣವೆಂಬುದನ್ನು ಸಂಶಯಿಸುತ್ತಾ ಔಷಧ ವಿತರಣೆಯನ್ನು ತಡಮಾಡಿದರು. ಆ ವಿಳಂಬಕ್ಕೆ ಮೂರು ಲಕ್ಷಕ್ಕೂ ಅಧಿಕ ಜೀವಗಳು ಬಲಿಯಾದವು ಎಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು.

ಇಲ್ಲೊಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ದೇಶದ ಸರಾಸರಿ ಜೀವಿತಾವಧಿ ಎಂದರೆ ಹುಟ್ಟಿದ ಮಗುವೊಂದು ಎಷ್ಟು ವರ್ಷ ಬಾಳಬಹುದೆಂಬ ಅಂದಾಜು. ಎಳೆಯರು ಸತ್ತಾಗ ಆ ಸಂಖ್ಯೆ ಥಟ್ಟನೆ ಕುಸಿಯುತ್ತದೆ. ಅರವತ್ತರ ವ್ಯಕ್ತಿ ಸತ್ತಾಗ ಅದು ಅಷ್ಟಾಗಿ ಅಲುಗಾಡುವುದಿಲ್ಲ. ಆದುದರಿಂದಲೇ ವೃದ್ಧರ ಸಾವು ಅಂಕಿಅಂಶಗಳಲ್ಲಿ ಸದ್ದು ಮಾಡುವುದಿಲ್ಲ. ಆದರೆ ಭಾರತದಲ್ಲಿ ಅರವತ್ತನ್ನು ತಲುಪಿದ ವ್ಯಕ್ತಿಗೆ ಸರಾಸರಿಯಾಗಿ ಇನ್ನೂ ಹದಿನೇಳು-ಹದಿನೆಂಟು ವರ್ಷಗಳ ಬದುಕು ಬಾಕಿ ಇರುತ್ತದೆ. ಮೊಮ್ಮಕ್ಕಳ ಓದು, ಮದುವೆ, ಒಂದು ಹಜ್ಜ್ ಯಾತ್ರೆ, ಮುರಿದ ಸಂಬಂಧಗಳನ್ನು ಬೆಸೆಯುವ ಅವಕಾಶ- ಇವೆಲ್ಲವೂ ಆ ಹದಿನೇಳು ವರ್ಷಗಳಲ್ಲಿವೆ. ಅರವತ್ತಮೂರರಲ್ಲಿ ಸತ್ತವರನ್ನು 'ವಯಸ್ಸಾಗಿತ್ತು' ಎಂದು ಮಣ್ಣು ಮಾಡಿ ಬರುವ ನಾವು ಎಷ್ಟನ್ನು ಮಣ್ಣು ಮಾಡಿ ಬಂದೆವೆಂದು ಯೋಚಿಸುವುದಿಲ್ಲ.

ಎಚ್‌ಐವಿಯು ಹಿರಿಯರ ದೇಹದಲ್ಲಿ ಹೇಗೆ ವರ್ತಿಸುತ್ತದೆ? ಈ ವೈರಸ್ ದಾಳಿ ಮಾಡುವುದು ರಕ್ತದಲ್ಲಿರುವ ಸಿಡಿ4 ಎಂಬ ಕಣಗಳ ಮೇಲೆ. ರೋಗಗಳ ವಿರುದ್ಧ ದೇಹವು ನಡೆಸುವ ಹೋರಾಟಕ್ಕೆ ಅವು ಸೇನಾಪತಿಗಳಿದ್ದಂತೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಐನೂರಕ್ಕಿಂತ ಹೆಚ್ಚು ಸಿಡಿ4 ಕಣಗಳಿರುತ್ತವೆ. ಅವು ಇನ್ನೂರಕ್ಕಿಂತ ಕೆಳಗಿಳಿದರೆ ರೋಗವು ಮುಂದುವರಿದ ಹಂತವನ್ನು ತಲುಪಿತೆಂದು ಅರ್ಥ. ಈ ಜಾತಿಯ ಕಣಗಳು ಪಕ್ವಗೊಳ್ಳುವುದು ಎದೆಯ ಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ. ವಯಸ್ಸಾದಂತೆ ಆ ಗ್ರಂಥಿಯು ಸೊರಗುತ್ತದೆ. ಅಂದರೆ ವೃದ್ಧರಲ್ಲಿ ವೈರಸ್ ನಾಶಪಡಿಸಿದ ಕಣಗಳ ಜಾಗಕ್ಕೆ ಹೊಸವು ಬರುವುದು ನಿಧಾನ.

ಪರಿಣಾಮಕಾರಿ ಔಷಧಗಳು ಬರುವುದಕ್ಕೆ ಮೊದಲಿನ ಕಾಲದ ಹದಿಮೂರು ಸಾವಿರಕ್ಕೂ ಹೆಚ್ಚು ಸೋಂಕಿತರ ವಿವರಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2000ದಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹದಿನೈದರಿಂದ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಸೋಂಕು ತಗುಲಿದವರಲ್ಲಿ ಅರ್ಧದಷ್ಟು ಮಂದಿ ಹನ್ನೆರಡೂವರೆ ವರ್ಷಗಳ ನಂತರವೂ ಬದುಕಿದ್ದರು. ನಲ್ವತ್ತೈದರಿಂದ ಐವತ್ತನಾಲ್ಕರ ವಯಸ್ಸಿನಲ್ಲಿ ಸೋಂಕು ತಗುಲಿದವರಲ್ಲಿ ಅರ್ಧದಷ್ಟು ಮಂದಿ ಎಂಟು ವರ್ಷ ತುಂಬುವುದರೊಳಗೆ ಸಾವಿಗೀಡಾಗಿದ್ದರು. ಚಿಕಿತ್ಸೆ ಇಲ್ಲದಿದ್ದರೆ ವೈರಸ್ಸಿನ ಓಟವು ವಯಸ್ಸಾದ ದೇಹದಲ್ಲಿ ಹೆಚ್ಚು ವೇಗವಾಗಿರುತ್ತದೆ. ಆದುದರಿಂದ ವಿಳಂಬವು ಯುವಕನಿಗಿಂತಲೂ ಮುದುಕನಿಗೆ ಹೆಚ್ಚು ದುಬಾರಿ.

ಹಾಗಾದರೆ ಚಿಕಿತ್ಸೆ ಇದ್ದರೆ? ಇಲ್ಲಿಂದ ಕಥೆಯೇ ಬದಲಾಗುತ್ತದೆ. 1996ರಲ್ಲಿ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ವಿಧಾನವು ಯಶಸ್ವಿಯಾದಾಗ ಶ್ರೀಮಂತ ದೇಶಗಳಲ್ಲಿ ಸಾವಿನ ಸಂಖ್ಯೆ ದಿಢೀರನೆ ಇಳಿಯಿತು. ಆದರೆ ಅದರ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರನ್ನೂ ಮೀರುತ್ತಿತ್ತು. ಔಷಧವು ಉತ್ತರದ ದೇಶಗಳಲ್ಲಿಯೂ ರೋಗಿಗಳು ದಕ್ಷಿಣದ ದೇಶಗಳಲ್ಲಿಯೂ ಇದ್ದ ಕಾಲವದು. 2001ರ ಫೆಬ್ರವರಿಯಲ್ಲಿ ಭಾರತದ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್ ಅವರು ಅದೇ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡುವುದಾಗಿ ಘೋಷಿಸಿದರು. ಜಗತ್ತಿನ ಬಹುರಾಷ್ಟ್ರೀಯ ಔಷಧ ಕಂಪೆನಿಗಳು ಬೆಚ್ಚಿಬಿದ್ದವು. ಬಡ ದೇಶಗಳ ಲಕ್ಷಾಂತರ ಜನರಿಗೆ ಚಿಕಿತ್ಸೆಯ ಬಾಗಿಲು ತೆರೆಯಿತು. ನಮ್ಮ ಸಮುದಾಯದ ಸಾಧಕರ ಪಟ್ಟಿ ಮಾಡುವಾಗ ಚಿತ್ರನಟರನ್ನೂ ಕ್ರಿಕೆಟಿಗರನ್ನೂ ಮರೆಯದ ನಾವು ಈ ಹೆಸರನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ?

ನಮ್ಮ ಸರಕಾರವು 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳನ್ನು ಅದಕ್ಕೆ ಆರಿಸಲಾಗಿತ್ತು. ಅವುಗಳಲ್ಲಿ ಕರ್ನಾಟಕವೂ ಒಂದು. ಆರಂಭದಲ್ಲಿ ಸಿಡಿ4 ಕಣಗಳು ನಿಗದಿತ ಮಟ್ಟಕ್ಕೆ ಇಳಿದವರಿಗೆ ಮಾತ್ರ ಔಷಧ ಸಿಗುತ್ತಿತ್ತು. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ, ಕಣಗಳ ಸಂಖ್ಯೆ ಎಷ್ಟೇ ಇರಲಿ, ಕೂಡಲೇ ಚಿಕಿತ್ಸೆ ಕೊಡುವ ನೀತಿ ಜಾರಿಗೆ ಬಂತು. ಹಿಂದೆ ದಿನಕ್ಕೆ ಹಲವು ಮಾತ್ರೆಗಳನ್ನು ನುಂಗಬೇಕಾಗಿದ್ದರೆ ಇಂದು ಬಹುತೇಕರಿಗೆ ಡೊಲುಟೆಗ್ರಾವಿರ್ ಸೇರಿರುವ ಒಂದೇ ಮಾತ್ರೆ ಸಾಕಾಗುತ್ತದೆ. ಜಗತ್ತಿನಾದ್ಯಂತ 2004ರಲ್ಲಿ ಏಡ್ಸ್‌ನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಸತ್ತಿದ್ದರೆ 2024ರಲ್ಲಿ ಆ ಸಂಖ್ಯೆ ಆರೂಕಾಲು ಲಕ್ಷದ ಆಸುಪಾಸಿಗೆ ಇಳಿದಿದೆ.

ಈಗ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಅಂಕಿಗಳನ್ನು ನೋಡೋಣ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಚಿಕಿತ್ಸೆ ಪಡೆಯುತ್ತಿರುವ ಸೋಂಕಿತರ ಕುರಿತ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ನಲ್ವತ್ತು ವರ್ಷದ ಸೋಂಕಿತರು ಇನ್ನೆಷ್ಟು ವರ್ಷ ಬದುಕಬಹುದೆಂದು ಅದು ಲೆಕ್ಕ ಹಾಕಿತು. ಚಿಕಿತ್ಸೆಯಲ್ಲಿದ್ದು ಸಿಡಿ4 ಕಣಗಳು ಐನೂರು ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಇನ್ನೂ 38ರಿಂದ 42 ವರ್ಷ. ಅಂದರೆ ಉಳಿದ ಜನರಿಗಿಂತ ಕೆಲವೇ ವರ್ಷ ಕಡಿಮೆ. ಸಿಡಿ4 ಕಣಗಳು ಐವತ್ತಕ್ಕೂ ಕೆಳಗಿರುವವರಿಗೆ ಬರೇ 18ರಿಂದ 25 ವರ್ಷ. ವೈರಸ್ ಅದೇ. ಔಷಧವೂ ಹೆಚ್ಚುಕಡಿಮೆ ಅದೇ. ಒಬ್ಬನಿಗೆ ಎಂಬತ್ತರ ವರೆಗಿನ ಬದುಕು, ಇನ್ನೊಬ್ಬನಿಗೆ ಅರವತ್ತರ ಆಚೀಚೆ ಅಂತ್ಯ. ಕಣಗಳು ಈ ಪಾತಾಳಕ್ಕೆ ಇಳಿಯುವುದು ಬಹುಮಟ್ಟಿಗೆ ತಡವಾಗಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಮತ್ತು ಚಿಕಿತ್ಸೆಯನ್ನು ನಡುವೆ ಬಿಟ್ಟವರಲ್ಲಿ. ಇದು ಶ್ರೀಮಂತ ದೇಶಗಳ ಲೆಕ್ಕ. ನಮ್ಮ ನಾಡಿನಲ್ಲಿ ಸಂಖ್ಯೆಗಳು ಬೇರೆಯಾಗಬಹುದು. ಆದರೆ ವಿಳಂಬವು ಆಯುಷ್ಯವನ್ನು ಅರ್ಧಕ್ಕೆ ತುಂಡರಿಸಬಲ್ಲುದೆಂಬ ಪಾಠ ಎಲ್ಲ ನಾಡಿಗೂ ಸಲ್ಲುತ್ತದೆ.

ಹಿರಿಯರಲ್ಲಿಯೇ ಈ ವಿಳಂಬವು ಹೆಚ್ಚು. ಐವತ್ತು ದಾಟಿದವರಲ್ಲಿ ಸೋಂಕು ಪತ್ತೆಯಾಗುವುದು ಎಳೆಯರಿಗಿಂತ ತಡವಾದ ಹಂತದಲ್ಲಿ ಎಂಬುದು ಹಲವು ದೇಶಗಳ ಅನುಭವ. ಏಕೆ? ಒಂದನೆಯದಾಗಿ, ಲಕ್ಷಣಗಳೆಲ್ಲವೂ ಮುಪ್ಪಿನ ವೇಷ ತೊಟ್ಟು ಬರುತ್ತವೆ. ಆಯಾಸ, ತೂಕ ಇಳಿಕೆ, ಮರೆವು, ಹಸಿವಿಲ್ಲದಿರುವುದು, ಮೈಮೇಲೆ ಸರ್ಪಸುತ್ತು- ಇವೆಲ್ಲವೂ ವೃದ್ಧಾಪ್ಯದ ಸಹಜ ಸಂಗಾತಿಗಳೆಂದು ಎಲ್ಲರೂ ತಿಳಿಯುತ್ತಾರೆ. ಎರಡನೆಯದಾಗಿ, ಗಡ್ಡ ಬೆಳ್ಳಗಾದ ಮನುಷ್ಯನ ಮುಂದೆ ಆ ಪರೀಕ್ಷೆಯ ಮಾತೆತ್ತಲು ವೈದ್ಯರಿಗೂ ಸಂಕೋಚ. ಕ್ಷಯವಿರುವ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಆಗಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ನಾವು ಮೇಲೆ ಹೇಳಿದ ಹಿರಿಯರಿಗೆ ಕ್ಷಯದ ಔಷಧವನ್ನು ತಿಂಗಳುಗಟ್ಟಲೆ ಕೊಟ್ಟ ಖಾಸಗಿ ದವಾಖಾನೆಯಲ್ಲಿ ಈ ನಿಯಮವನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಮೂರನೆಯದಾಗಿ, 'ನಮ್ಮವರಿಗೆ ಇದೆಲ್ಲ ಬರುವುದಿಲ್ಲ' ಎಂಬ ನಮ್ಮ ಹುಸಿ ಭರವಸೆ.

ಈ ಮೂರನೆಯ ಕಾರಣದ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು. ಖತ್ನಾ ಆದವರಿಗೆ ಎಚ್‌ಐವಿ ತಗುಲುವುದಿಲ್ಲ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಚಾಲ್ತಿಯಲ್ಲಿದೆ. ದಕ್ಷಿಣ ಆಫ್ರಿಕಾ, ಕೀನ್ಯ ಮತ್ತು ಉಗಾಂಡಗಳಲ್ಲಿ ನಡೆದು 2005ರಿಂದ 2007ರೊಳಗೆ ಪ್ರಕಟವಾದ ಮೂರು ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಸೋಂಕು ಹರಡುವ ಸಾಧ್ಯತೆಯು ಖತ್ನಾದಿಂದ ಸುಮಾರು ಶೇಕಡಾ 60ರಷ್ಟು ಕಡಿಮೆಯಾಗುವುದು ಕಂಡುಬಂತು. ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಸೋಂಕಿತ ಗಂಡನಿಂದ ಹೆಂಡತಿಗೆ ಹರಡುವುದನ್ನು ಅದು ತಡೆಯುವುದೂ ಇಲ್ಲ. ಮೇಲಾಗಿ ಸೋಂಕಿನ ದಾರಿ ಒಂದೇ ಅಲ್ಲ. ನಮ್ಮ ದೇಶದಲ್ಲಿ ದಾನದ ರಕ್ತವನ್ನು ಕಡ್ಡಾಯವಾಗಿ ಪರೀಕ್ಷಿಸುವ ವ್ಯವಸ್ಥೆ ಆರಂಭವಾದದ್ದೇ 1989ರಲ್ಲಿ. ಹಣಕ್ಕಾಗಿ ರಕ್ತ ಮಾರುವ ಪದ್ಧತಿಯು ಸುಪ್ರೀಂ ಕೋರ್ಟಿನ ಆದೇಶದಂತೆ ನಿಷೇಧಗೊಂಡದ್ದು 1998ರ ಜನವರಿಯಿಂದ. ಆ ಹಿಂದಿನ ಕಾಲದಲ್ಲಿ ಹೆರಿಗೆಗೋ ಅಪಘಾತಕ್ಕೋ ರಕ್ತ ಪಡೆದವರು, ಒಂದೇ ಸೂಜಿಯಿಂದ ಹಲವರಿಗೆ ಇಂಜೆಕ್ಷನ್ ಕೊಡುತ್ತಿದ್ದ ಕ್ಲಿನಿಕ್‌ಗಳಿಗೆ ಹೋದವರು ಇಂದಿನ ಹಿರಿಯರೇ ಅಲ್ಲವೇ? ಹೊರಗಿನ ದುಡಿಮೆಯಲ್ಲಿ ವರ್ಷಗಟ್ಟಲೆ ಮನೆಯಿಂದ ದೂರವಿದ್ದ ಗಂಡನಿಂದ ಏನನ್ನೂ ಅರಿಯದೆ ಸೋಂಕು ಪಡೆದ ಹೆಂಗಸರಿಲ್ಲವೇ? ಮುಟ್ಟು ನಿಂತ ಬಳಿಕ ಹೆಣ್ಣಿನ ದೇಹದ ಒಳಪೊರೆಯು ತೆಳುವಾಗುವುದರಿಂದ ಸೋಂಕು ತಗುಲುವ ಸಾಧ್ಯತೆಯು ಹೆಚ್ಚುತ್ತದೆ ಎಂಬುದನ್ನು ನಮ್ಮಲ್ಲಿ ಯಾರು ಹೇಳಿಕೊಟ್ಟಿದ್ದಾರೆ?

ಇನ್ನೊಂದು ಗುಂಪಿದೆ. ಇವರಿಗೆ ಸೋಂಕು ತಗುಲಿದ್ದು ಯೌವನದಲ್ಲಿ, ಉಚಿತ ಚಿಕಿತ್ಸೆ ಸಿಕ್ಕಿದ್ದು 2004ರ ನಂತರ. ಅಂದು ಮೂವತ್ತೈದು-ನಲ್ವತ್ತರಲ್ಲಿದ್ದವರು ಈಗ ಐವತ್ತೈದು-ಅರವತ್ತರಲ್ಲಿದ್ದಾರೆ. 2023ರ ಸರಕಾರಿ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಇಪ್ಪತ್ತೈದು ಲಕ್ಷಕ್ಕೂ ಅಧಿಕ. ಇವರಲ್ಲಿ ಹಿರಿಯರ ಪಾಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಚಿಕಿತ್ಸೆಯ ಯಶಸ್ಸೇ ಇದಕ್ಕೆ ಕಾರಣ. ಸಾಯುತ್ತಾರೆಂದು ಊರು ಷರಾ ಬರೆದಿದ್ದವರು ಬದುಕಿ ಮುಪ್ಪನ್ನು ಕಂಡಿದ್ದಾರೆ.

ಇವರ ಆಯುಷ್ಯಕ್ಕೆ ಈಗ ಅಪಾಯ ಒಡ್ಡುತ್ತಿರುವುದು ಹೆಚ್ಚಾಗಿ ಹೃದಯ, ಮೂತ್ರಪಿಂಡ, ಮೂಳೆ ಮತ್ತು ಸಕ್ಕರೆಯ ತೊಂದರೆಗಳು. ಔಷಧವು ವೈರಸ್ಸನ್ನು ಅಡಗಿಸಿಟ್ಟರೂ ದೇಹದೊಳಗೆ ಒಂದು ಬಗೆಯ ಮಂದ ಉರಿಯೂತವು ಉಳಿದುಕೊಂಡು ರಕ್ತನಾಳಗಳನ್ನು ಬೇಗನೆ ಮುಪ್ಪಾಗಿಸುತ್ತದೆ. ನಲ್ವತ್ತರಿಂದ ಎಪ್ಪತ್ತೈದರ ವಯಸ್ಸಿನ ಏಳೂವರೆ ಸಾವಿರಕ್ಕೂ ಹೆಚ್ಚು ಸೋಂಕಿತರ ಮೇಲೆ ಹನ್ನೆರಡು ದೇಶಗಳಲ್ಲಿ ನಡೆದ ರಿಪ್ರೀವ್ ಎಂಬ ಪ್ರಯೋಗದ ಫಲಿತಾಂಶವು 2023ರಲ್ಲಿ ಬಂತು. ಕೊಲೆಸ್ಟರಾಲ್ ತಗ್ಗಿಸುವ ಪಿಟಾವಸ್ಟಾಟಿನ್ ಮಾತ್ರೆಯನ್ನು ಪ್ರತಿದಿನ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂತಹ ಗಂಭೀರ ಘಟನೆಗಳು ಶೇಕಡಾ 35ರಷ್ಟು ಕಡಿಮೆಯಾದವು. ಡೆನ್ಮಾರ್ಕಿನ ಅಧ್ಯಯನವೊಂದು 2013ರಲ್ಲಿ ಇನ್ನೂ ಸರಳವಾದ ಸತ್ಯವನ್ನು ಮುಂದಿಟ್ಟಿತು. ಚಿಕಿತ್ಸೆಯಲ್ಲಿದ್ದು ಧೂಮಪಾನ ಮಾಡುವ ಸೋಂಕಿತರು ಎಚ್‌ಐವಿಯಿಂದ ಸುಮಾರು ಐದು ವರ್ಷಗಳ ಆಯುಷ್ಯವನ್ನು ಕಳೆದುಕೊಂಡರೆ, ಧೂಮಪಾನದಿಂದ ಹನ್ನೆರಡು ವರ್ಷಗಳನ್ನು ಕಳೆದುಕೊಳ್ಳುತ್ತಾರೆ! ಎಚ್‌ಐವಿ ಎಂದರೆ ಹೌಹಾರುವ ನಾವು ಅಂಗಡಿ ಜಗಲಿಯ ಬೀಡಿಯನ್ನು ಎಷ್ಟು ನಿರಾಳವಾಗಿ ನೋಡುತ್ತೇವೆ!

ಮನೆಯವರು ಗಮನಿಸಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಹಿರಿಯರ ತಲೆದಿಂಬಿನ ಪಕ್ಕದಲ್ಲಿ ಬಿಪಿ, ಸಕ್ಕರೆ, ಗ್ಯಾಸ್ಟ್ರಿಕ್, ಮೂಳೆ ಸವೆತ ಎಂದು ಹತ್ತಾರು ಮಾತ್ರೆಗಳಿರುತ್ತವೆ. ಡೊಲುಟೆಗ್ರಾವಿರ್ ಸೇವಿಸುವವರಲ್ಲಿ ಸಕ್ಕರೆಯ ಮೆಟ್‌ಫಾರ್ಮಿನ್ ಮಾತ್ರೆಯು ರಕ್ತದಲ್ಲಿ ಹೆಚ್ಚು ಸೇರುವುದರಿಂದ ಅದರ ಪ್ರಮಾಣವನ್ನು ವೈದ್ಯರು ಮಿತಿಗೊಳಿಸಬೇಕಾಗುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಮತ್ತು ಹುಳಿತೇಗಿನ ಕೆಲವು ಔಷಧಗಳು ಡೊಲುಟೆಗ್ರಾವಿರ್ ದೇಹಕ್ಕೆ ಸೇರುವುದನ್ನು ತಡೆಯಬಲ್ಲವು. ಆದುದರಿಂದ ಅವುಗಳನ್ನು ನುಂಗುವ ವೇಳೆಯನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಟೆನೋಫೋವಿರ್ ಎಂಬ ಔಷಧವಿದ್ದರೆ ಮೂತ್ರಪಿಂಡದ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಬೇಕು. ಸಕ್ಕರೆಯ ವೈದ್ಯರಿಂದ ಎಚ್‌ಐವಿಯನ್ನು ಬಚ್ಚಿಟ್ಟರೆ ಇದಾವುದೂ ಸಾಧ್ಯವಾಗದು. ರಮಝಾನ್‌ನಲ್ಲಿ 'ಮಾತ್ರೆ ಬಿಡಬೇಕೋ, ಉಪವಾಸ ಬಿಡಬೇಕೋ' ಎಂಬ ಗೊಂದಲದಲ್ಲಿ ಔಷಧವನ್ನೇ ನಿಲ್ಲಿಸಿದವರನ್ನು ನಾವು ಬಲ್ಲೆವು. ದಿನಕ್ಕೊಂದೇ ಮಾತ್ರೆಯಿದ್ದರೆ ಅದನ್ನು ಇಫ್ತಾರ್ ಅಥವಾ ಸಹರಿಯ ವೇಳೆಗೆ ಹೊಂದಿಸಿಕೊಳ್ಳುವ ಬಗ್ಗೆ ವೈದ್ಯರ ಸಲಹೆ ಪಡೆಯಬಹುದು. ಉಪವಾಸ ಮಾಡಲಾಗದಷ್ಟು ಅಸ್ವಸ್ಥರಾದವರಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ಆದರೆ ಔಷಧವನ್ನು ಕೈಬಿಟ್ಟವರನ್ನು ವೈರಸ್ ಕೈಬಿಡುವುದಿಲ್ಲ.

ಇನ್ನು ನಮ್ಮ ಸಮುದಾಯದ ಹೊಣೆಯ ಕಡೆಗೆ ಬರೋಣ. ಒಂದು ಕಾಲದಲ್ಲಿ ನಮ್ಮ ವೇದಿಕೆಗಳಲ್ಲಿಯೂ ಬರಹಗಳಲ್ಲಿಯೂ ಏಡ್ಸ್ ಎಂದರೆ ಅನೈತಿಕತೆಗೆ ಸಿಗುವ ದೇವಶಿಕ್ಷೆ ಎಂಬಷ್ಟೇ ಅರ್ಥವಿತ್ತು. ನಾವೂ ಹಾಗೆ ಬರೆದವರೇ. ಪರಿಶುದ್ಧ ದಾಂಪತ್ಯವು ಸಮಾಜದ ಅಡಿಗಲ್ಲು ಎಂಬ ನಮ್ಮ ನಿಲುವಿನಲ್ಲಿ ಇಂದೂ ಬದಲಾವಣೆಯಿಲ್ಲ. ಆದರೆ ಶಿಕ್ಷೆಯೆಂಬ ಆ ಮಾತು ಪಾಪವನ್ನು ತಡೆಯಿತೋ ಇಲ್ಲವೋ, ಪರೀಕ್ಷೆಯನ್ನಂತೂ ತಡೆಯಿತು. ರೋಗಿಯ ಚರಿತ್ರೆಯನ್ನು ವಿಚಾರಿಸುವುದು ವೈದ್ಯನ ಕೆಲಸ, ಅದೂ ಚಿಕಿತ್ಸೆಗೆ ಬೇಕಾದಷ್ಟು ಮಾತ್ರ. ತೀರ್ಪು ನೀಡುವವನು ಅಲ್ಲಾಹನು. ಇವೆರಡರ ನಡುವೆ ನಮಗೆ ಇರುವ ಕೆಲಸವೆಂದರೆ ಶುಶ್ರೂಷೆ. ರೋಗ ಬಂದಾಗ ಚಿಕಿತ್ಸೆ ಪಡೆಯುವಂತೆ ಪ್ರವಾದಿ(ಸ)ಯವರು ಆದೇಶಿಸಿದಾಗ ಇಂಥ ರೋಗಕ್ಕೆ ಹೌದು, ಇಂಥದಕ್ಕೆ ಅಲ್ಲ ಎಂಬ ವಿಂಗಡಣೆಯನ್ನು ಮಾಡಿರಲಿಲ್ಲ.

ಕೆಲವರು ಕೇಳಬಹುದು: ಇತರರ ದೋಷವನ್ನು ಮುಚ್ಚುವುದು ಇಸ್ಲಾಮಿನಲ್ಲಿ ಪುಣ್ಯಕಾರ್ಯವಲ್ಲವೇ, ಮನೆಯ ಮಾನ ಕಾಪಾಡಲು ಸತ್ಯವನ್ನು ಮರೆಮಾಚಿದರೆ ತಪ್ಪೇನು? ಪ್ರಶ್ನೆ ಗಂಭೀರವಾದುದೇ. ದೋಷವನ್ನು ಮುಚ್ಚುವುದು ಬೇರೆ, ರೋಗವನ್ನು ಮುಚ್ಚುವುದು ಬೇರೆ. ಬೀದಿಗೆ ಹೇಳದಿರುವುದು ಸೌಜನ್ಯ, ಹೆಂಡತಿಗೆ ಹೇಳದಿರುವುದು ಅನ್ಯಾಯ. ಜಮಾಅತ್‌ಗೆ ತಿಳಿಯಬೇಕಾದ ಅಗತ್ಯವಿಲ್ಲ, ವೈದ್ಯನಿಗೆ ತಿಳಿಯಲೇಬೇಕು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ ಇದನ್ನೇ ಹೇಳುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟನ್ನು ಬಯಲು ಮಾಡುವಂತಿಲ್ಲ, ಉದ್ಯೋಗ, ಚಿಕಿತ್ಸೆ, ಬಾಡಿಗೆ ಮನೆಗಳಲ್ಲಿ ತಾರತಮ್ಯ ಮಾಡುವಂತಿಲ್ಲ. ಅದೇ ವೇಳೆಗೆ, ಸಂಗಾತಿಗೆ ಸೋಂಕು ಹರಡದಂತೆ ಎಚ್ಚರ ವಹಿಸುವ ಹೊಣೆಯನ್ನೂ ಅದು ಸೋಂಕಿತನ ಮೇಲೆ ಹೊರಿಸುತ್ತದೆ. ಕ್ರಮಬದ್ಧವಾಗಿ ಔಷಧ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿದ ಸ್ಥಿತಿಯಲ್ಲಿರುವವರಿಂದ ದಾಂಪತ್ಯದಲ್ಲಿ ಸೋಂಕು ಹರಡುವುದಿಲ್ಲ ಎಂಬುದು 2016 ಮತ್ತು 2019ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ದೃಢಪಟ್ಟಿದೆ. ಸತ್ಯ ಹೇಳಿದವನ ಮನೆ ಒಡೆಯಲೇಬೇಕಾಗಿಲ್ಲ.

ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಮಸೀದಿಯ ಒಂದೇ ಹೌಝ್‌ನಲ್ಲಿ ವುಝೂ ಮಾಡುವುದರಿಂದ, ಭುಜಕ್ಕೆ ಭುಜ ತಾಗಿಸಿ ನಮಾಝ್‌ಗೆ ನಿಲ್ಲುವುದರಿಂದ, ಸೊಳ್ಳೆ ಕಚ್ಚುವುದರಿಂದ ಎಚ್‌ಐವಿ ಹರಡುವುದಿಲ್ಲ. ಮಯ್ಯಿತ್ ಸ್ನಾನ ಮಾಡಿಸುವವರು ಕೈಗವಸು ಹಾಗೂ ಏಪ್ರನ್ ತೊಟ್ಟು, ತಮ್ಮ ಕೈಯ ಗಾಯಗಳನ್ನು ಮುಚ್ಚಿ, ಕೊನೆಗೆ ಸೋಪಿನಿಂದ ತೊಳೆದು, ಸ್ಥಳವನ್ನು ಬ್ಲೀಚಿಂಗ್ ನೀರಿನಿಂದ ಶುಚಿಗೊಳಿಸಿದರೆ ಸಾಕು. ವಾಸ್ತವದಲ್ಲಿ ಪ್ರತಿಯೊಂದು ಮಯ್ಯಿತ್‌ಗೂ ಇದೇ ಎಚ್ಚರಿಕೆ ಇರಬೇಕು. ಯಾಕೆಂದರೆ ಯಾರ ರಕ್ತದಲ್ಲಿ ಏನಿದೆಯೆಂದು ಯಾರಿಗೂ ತಿಳಿದಿರುವುದಿಲ್ಲ. ನಮ್ಮ ಮಸೀದಿಗಳ ಮಯ್ಯಿತ್ ಸಾಮಗ್ರಿಗಳ ಪೆಟ್ಟಿಗೆಯಲ್ಲಿ ಕಫನ್ ಮತ್ತು ಕರ್ಪೂರದ ಜೊತೆಗೆ ಒಂದು ಕಟ್ಟು ಕೈಗವಸನ್ನು ಇಡಲು ಎಷ್ಟು ಖರ್ಚಾದೀತು?

ಸರಕಾರದ ಹೊಣೆಯನ್ನೂ ಮರೆಯುವಂತಿಲ್ಲ. 2021ರಿಂದ 2026ರ ವರೆಗಿನ ರಾಷ್ಟ್ರೀಯ ಏಡ್ಸ್ ಕಾರ್ಯಕ್ರಮಕ್ಕೆ ಸುಮಾರು 15,472 ಕೋಟಿ ರೂಪಾಯಿಗಳನ್ನು ಮೀಸಲಿಡಲಾಯಿತು. ಆದರೂ 2022ರ ಜುಲೈಯಲ್ಲಿ ಔಷಧ ಸಿಗುತ್ತಿಲ್ಲವೆಂದು ಸೋಂಕಿತರು ದಿಲ್ಲಿಯ ನ್ಯಾಕೋ ಕಚೇರಿಯಲ್ಲಿ ವಾರಗಟ್ಟಲೆ ಧರಣಿ ಕೂರಬೇಕಾಯಿತು. ಒಂದು ದಿನವೂ ತಪ್ಪದೆ ನುಂಗಬೇಕಾದ ಮಾತ್ರೆಯನ್ನು ಹಂಚುವ ವ್ಯವಸ್ಥೆಯು ಹೀಗೆ ಎಡವಬಹುದೇ? ಜಾಗತಿಕ ಚಿತ್ರಣವೂ ಆಶಾದಾಯಕವಾಗಿಲ್ಲ. 2003ರಿಂದ ಆಫ್ರಿಕಾದ ಲಕ್ಷಾಂತರ ಜನರಿಗೆ ಔಷಧ ಒದಗಿಸಿದ್ದ ಅಮೆರಿಕದ ಯೋಜನೆಯು 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ವಿದೇಶಿ ನೆರವನ್ನು ತಡೆಹಿಡಿದಾಗ ಅಲುಗಾಡಿತು. ದೊಡ್ಡ ದೇಶದ ಒಂದು ಸಹಿಯು ಬಡ ದೇಶದ ರೋಗಿಯ ಮಾತ್ರೆಯನ್ನು ಕಸಿಯಬಲ್ಲುದು. ನಮ್ಮ ಕಾರ್ಯಕ್ರಮವು ಬಹುಪಾಲು ನಮ್ಮದೇ ತೆರಿಗೆಯ ಹಣದಿಂದ ನಡೆಯುತ್ತಿರುವುದು ಸಮಾಧಾನದ ಸಂಗತಿ. ಆದುದರಿಂದಲೇ ಅದರ ಲೆಕ್ಕ ಕೇಳುವ ಹಕ್ಕೂ ನಮಗಿದೆ. ಎಆರ್‌ಟಿ ಕೇಂದ್ರಗಳಲ್ಲಿ ಐವತ್ತು ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡಗಳ ತಪಾಸಣೆಯು ಅದೇ ದಿನ ಅದೇ ಸೂರಿನಡಿ ಆಗಬೇಕು. ಕಾರಣ ತಿಳಿಯದ ಜ್ವರ ಮತ್ತು ತೂಕ ಇಳಿಕೆಯಿಂದ ಬರುವ ಹಿರಿಯರಿಗೆ, ಅವರ ಒಪ್ಪಿಗೆ ಪಡೆದು, ಎಚ್‌ಐವಿ ಪರೀಕ್ಷೆ ಮಾಡುವುದು ಖಾಸಗಿ ಆಸ್ಪತ್ರೆಗಳಲ್ಲಿಯೂ ರೂಢಿಯಾಗಬೇಕು.

ಕೊನೆಗೆ, ಆ ಮನೆಯ ವಿಷಯ. ಇದ್ದತ್‌ನ ಎರಡನೆಯ ತಿಂಗಳಲ್ಲಿ ಮಗಳು ಅಣ್ಣಂದಿರ ವಿರೋಧವನ್ನು ಲೆಕ್ಕಿಸದೆ ತಾಯಿಗೆ ನಿಜವನ್ನು ಹೇಳಿದಳು. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, 'ಹಾಗಾದರೆ ನನ್ನ ರಕ್ತವನ್ನೂ ನೋಡಿಸಬೇಕಲ್ಲ' ಎಂದಷ್ಟೇ ಹೇಳಿದರಂತೆ. ಚಿಕಿತ್ಸೆಗಾಗಿ ಹೊರಗೆ ಹೋಗಲು ಇದ್ದತ್ ಅಡ್ಡಿಯಲ್ಲವೆಂದು ವಿದ್ವಾಂಸರೊಬ್ಬರಲ್ಲಿ ಕೇಳಿ ತಿಳಿದ ಬಳಿಕ ಮಗಳು ಅವರನ್ನು ಸರಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದಳು. ಸೋಂಕಿತ್ತು. ಆದರೆ ಸಿಡಿ4 ಕಣಗಳು ಇನ್ನೂ ನಾನೂರರ ಮೇಲಿದ್ದವು. ಅದೇ ವಾರ ಔಷಧ ಆರಂಭವಾಯಿತು. ಅಂದು ಅವರಿಗೆ ಐವತ್ತೆಂಟು. ಇಂದು ಅವರು ಅರವತ್ತೈದನ್ನು ದಾಟಿದ್ದಾರೆ. ರಾತ್ರಿಯ ಊಟದ ನಂತರ ಒಂದು ಮಾತ್ರೆ ನುಂಗುತ್ತಾರೆ, ಬೆಳಿಗ್ಗೆ ಮೊಮ್ಮಕ್ಕಳನ್ನು ಮದ್ರಸಕ್ಕೆ ಬಿಟ್ಟು ಬರುತ್ತಾರೆ.

ಒಂದೇ ಮನೆ, ಒಂದೇ ವೈರಸ್. ಗಂಡನಿಗೆ ಒಂದೂವರೆ ವರ್ಷ ಯಾರೂ ಪರೀಕ್ಷೆಯ ಮಾತು ಹೇಳಲಿಲ್ಲ. ಹೆಂಡತಿಗೆ ಮಗಳೊಬ್ಬಳು ಹೇಳಿದಳು. ನಮ್ಮ ಮನೆಗಳಲ್ಲಿಯೂ ಜ್ವರ ಬಿಡದ, ತೂಕ ಇಳಿಯುತ್ತಿರುವ ಹಿರಿಯರಿರಬಹುದು. ಉಚಿತ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿದೆ, ಮಾಹಿತಿಗಾಗಿ 1097 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ. ಆ ಮಗಳ ಧೈರ್ಯವೊಂದನ್ನು ಮಾತ್ರ ನಾವು ನಮ್ಮೊಳಗಿನಿಂದಲೇ ತಂದುಕೊಳ್ಳಬೇಕಾಗಿದೆ.